ಒಂಬತ್ತು ಜನರ ಲೆಕ್ಕ

ಮಕ್ಕಳೇ, ಈ ವಾರ ಓದಲು ಕೂರುವ ಮೊದಲು ಅಟ್ಲಾಸ್ ತೆಗೆದು ಆಫ್ರಿಕಾದ ಪುಟ ಬಿಡಿಸಿಕೊಳ್ಳಿ. ಮೇಲ್ಗಡೆ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಲಿಬಿಯಾ ಎಂಬ ದೇಶವಿದೆ. ಅಲ್ಲಿ ಬೆಂಗಾಜಿ ಪಟ್ಟಣವನ್ನು ಹುಡುಕಿ. ಈಗ ಬೆರಳನ್ನು ಸಮುದ್ರ ದಾಟಿಸಿ ಇಟಲಿಯ ನೇಪಲ್ಸ್ ಬಂದರಿಗೆ ಒಯ್ಯಿರಿ. ನಮ್ಮ ಕಥೆ ಈ ಎರಡು ಊರುಗಳ ನಡುವೆ ಶುರುವಾಗುತ್ತದೆ. ಆದರೆ ಮುಗಿಯುವುದು ಎರಡೂ ಕಡೆ ಅಲ್ಲ.

ಅದು ಎರಡನೇ ಮಹಾಯುದ್ಧದ ಕಾಲ, 1943ರ ಏಪ್ರಿಲ್ 4. ಬೆಂಗಾಜಿಯ ಹತ್ತಿರದ ಸೊಲೂಕ್ ಎಂಬ ಮರಳು ನೆಲದ ವಿಮಾನ ತಾಣದಿಂದ ಅಮೆರಿಕದ 25 ಬಾಂಬರ್ ವಿಮಾನಗಳು ನೇಪಲ್ಸ್ ಬಂದರಿನತ್ತ ಹೊರಟವು. ಅವುಗಳಲ್ಲಿ ಒಂದರ ಹೆಸರು ‘ಲೇಡಿ ಬಿ ಗುಡ್’. ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್ ಜಾತಿಯ ವಿಮಾನ. ಒಳಗಿದ್ದವರು ಒಂಬತ್ತು ಜನ, ಎಲ್ಲರೂ ತರುಣರು. ಒಟ್ಟಾಗಿ ಅದು ಅವರ ಮೊದಲ ಯುದ್ಧ ಪಯಣ.

ಆ ಒಂಬತ್ತು ಜನ ಸಾಲಾಗಿ ನಿಂತು ತೆಗೆಸಿಕೊಂಡ ಒಂದು ಫೋಟೋ ಉಳಿದಿದೆ. ಎಡದಿಂದ ಬಲಕ್ಕೆ: ಪೈಲಟ್ ವಿಲಿಯಂ ಹ್ಯಾಟನ್, ಸಹ ಪೈಲಟ್ ರಾಬರ್ಟ್ ಟೋನರ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್ ಡಿ. ಪಿ. ಹೇಸ್, ಬಾಂಬ್ ಹಾಕುವ ಜಾನ್ ವೊರಾವ್ಕಾ, ಎಂಜಿನಿಯರ್ ಹೆರಾಲ್ಡ್ ರಿಪ್ಸ್‌ಲಿಂಗರ್, ರೇಡಿಯೊ ನೋಡಿಕೊಳ್ಳುವ ರಾಬರ್ಟ್ ಲಮಾಟ್, ಬಂದೂಕು ಹಿಡಿಯುವ ಗೈ ಶೆಲ್ಲಿ, ವರ್ನನ್ ಮೂರ್, ಸ್ಯಾಮ್ಯುಯೆಲ್ ಆಡಮ್ಸ್. ಹೆಸರುಗಳು ನಾಲಿಗೆಗೆ ಹೊಸತು, ನಿಜ. ಆದರೂ ಒಮ್ಮೆ ಗಟ್ಟಿಯಾಗಿ ಓದಿ.

ಹೊರಡುವಾಗಲೇ ಮರಳು ಗಾಳಿ ಎದ್ದಿತ್ತು. ಎಂಜಿನ್‌ಗೆ ಮರಳು ಹೊಕ್ಕು ಕೆಲವು ವಿಮಾನಗಳು ಅರ್ಧ ದಾರಿಗೇ ಹಿಂದಿರುಗಿದವು. ‘ಲೇಡಿ ಬಿ ಗುಡ್’ ಮುಂದೆ ಹೋಯಿತು. ಆದರೆ ನೇಪಲ್ಸ್ ಹತ್ತಿರ ಹೋಗುವಷ್ಟರಲ್ಲಿ ಏನೂ ಸರಿಯಾಗಿ ಕಾಣದಾಯಿತು. ಅವರು ಊರಿನ ಮೇಲೆ ಬಾಂಬ್ ಹಾಕಲಿಲ್ಲ. ಬಾಂಬುಗಳನ್ನು ಸಮುದ್ರಕ್ಕೆ ಚೆಲ್ಲಿ ಕತ್ತಲಲ್ಲಿ ಒಂಟಿಯಾಗಿ ಮನೆಯ ದಾರಿ ಹಿಡಿದರು.

ನಡುರಾತ್ರಿಯ ಹೊತ್ತಿಗೆ ಹ್ಯಾಟನ್ ರೇಡಿಯೊದಲ್ಲಿ ನೆಲದವರನ್ನು ದಿಕ್ಕು ಕೇಳಿದ. ನೆಲದವರು ಒಂದು ದಿಕ್ಕನ್ನು ಹೇಳಿದರು: ನೀವು ನಮ್ಮಿಂದ ವಾಯವ್ಯಕ್ಕೆ ಇದ್ದೀರಿ. ಅಂದರೆ ಇನ್ನೂ ಸಮುದ್ರದ ಮೇಲೆ ಎಂದಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಅರಸೀಕೆರೆ ನಿಲ್ದಾಣದಲ್ಲಿ ಕುಳಿತವನಿಗೆ ದೂರದಿಂದ ರೈಲಿನ ಸಿಳ್ಳೆ ಕೇಳಿಸಿತು ಅನ್ನಿ. ರೈಲು ಹಳಿಯ ಮೇಲೇ ಇದೆ ಎಂಬುದು ಖಾತ್ರಿ. ಆದರೆ ಬೀರೂರಿನ ಕಡೆಯೋ, ತಿಪಟೂರಿನ ಕಡೆಯೋ? ಆ ಕಾಲದ ಬಳೆಯಾಕಾರದ ಆಂಟೆನಾ ಕೂಡ ಹಾಗೆಯೇ. ವಿಮಾನ ಯಾವ ಗೆರೆಯ ಮೇಲಿದೆ ಎಂದು ಹೇಳುತ್ತಿತ್ತು. ಗೆರೆಯ ಯಾವ ತುದಿಯಲ್ಲಿದೆ ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ವಿಮಾನ ಆಗಲೇ ದಂಡೆ ದಾಟಿ, ತಾಣವನ್ನೂ ದಾಟಿ, ಆಗ್ನೇಯದ ಮರಳುಗಾಡಿನ ಮೇಲೆ ಹಾರುತ್ತಿತ್ತು ಎಂದು ಮುಂದೆ ತನಿಖೆ ಮಾಡಿದವರು ತೀರ್ಮಾನಿಸಿದರು. ರಾತ್ರಿಯಲ್ಲಿ ಮೇಲಿಂದ ನೋಡಿದರೆ ಮರಳೂ ಒಂದೇ, ಸಮುದ್ರವೂ ಒಂದೇ. ಎರಡೂ ಕಪ್ಪು.

ಇಂಧನ ಮುಗಿಯುತ್ತ ಬಂತು. ಬೆಳಗಿನ ಜಾವ ಎರಡು ಗಂಟೆಯ ಸುಮಾರಿಗೆ ಒಂಬತ್ತೂ ಜನ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಕಾಲು ತಾಗಿದ್ದು ನೀರಿಗಲ್ಲ, ಮರಳಿಗೆ. ಕೂಗಿ ಕರೆದು ಎಂಟು ಜನ ಒಂದೆಡೆ ಸೇರಿದರು. ಜಾನ್ ವೊರಾವ್ಕಾ ಮಾತ್ರ ಸಿಗಲಿಲ್ಲ. ಅವನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ. ಗೆಳೆಯರಿಗೆ ಅದು ಗೊತ್ತಾಗಲಿಲ್ಲ.

ಎಂಟು ಜನರ ಹತ್ತಿರ ಇದ್ದದ್ದು ಅರ್ಧ ಬಾಟಲಿ ನೀರು. ಪೂರ್ತಿ ಬಾಟಲಿಯೇ ಒಂದು ಲೀಟರಿನಷ್ಟು. ಅವರು ಮಾಡಿದ ನಿಯಮ ಹೀಗೆ: ದಿನಕ್ಕೆ ಒಬ್ಬರಿಗೆ ಬಾಟಲಿಯ ಒಂದು ಮುಚ್ಚಳದಷ್ಟು ನೀರು. ಪೈಲಟ್‌ಗೆ ಹೆಚ್ಚಿಲ್ಲ, ಬಂದೂಕಿನವನಿಗೆ ಕಡಿಮೆ ಇಲ್ಲ. ಸಮುದ್ರ ಹತ್ತಿರದಲ್ಲೇ ಇರಬೇಕೆಂದು ನಂಬಿ ವಾಯವ್ಯಕ್ಕೆ ನಡೆಯತೊಡಗಿದರು. ಹುಡುಕಿಕೊಂಡು ಬರುವವರಿಗೆ ಗುರುತಾಗಲೆಂದು ಬೂಟುಗಳನ್ನೂ ಪ್ಯಾರಾಚೂಟ್ ಬಟ್ಟೆಯ ತುಂಡುಗಳನ್ನೂ ಬಾಣದ ಆಕಾರದಲ್ಲಿ ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿ ಮುಂದೆ ಸಾಗಿದರು.

ಅವರು ಬಿಟ್ಟ ವಿಮಾನ ಏನಾಯಿತು? ಚಾಲಕನಿಲ್ಲದೆಯೇ ಇನ್ನೂ 26 ಕಿಲೋಮೀಟರ್ ದಕ್ಷಿಣಕ್ಕೆ ತೇಲಿ, ಹೊಟ್ಟೆಯ ಮೇಲೆ ಜಾರುತ್ತ ಮರಳಿನಲ್ಲಿ ನಿಂತಿತು. ಅದರೊಳಗೆ ನೀರಿತ್ತು, ಆಹಾರವಿತ್ತು, ಕೆಲಸ ಮಾಡುವ ರೇಡಿಯೊ ಇತ್ತು. ಅವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಗೊತ್ತಿದ್ದಷ್ಟರಲ್ಲಿ ಅವರು ಮಾಡಿದ್ದು ಸರಿಯಾಗಿಯೇ ಇತ್ತು.

ಸಹ ಪೈಲಟ್ ಟೋನರ್ ಜೇಬಿನಲ್ಲಿ ಪುಟ್ಟ ಡೈರಿ ಇಟ್ಟಿದ್ದ. ಪ್ರತಿದಿನ ಎರಡು ಮೂರು ಸಾಲು ಬರೆದ. ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ, ನಿದ್ದೆಯಿಲ್ಲ, ಮರಳು ಹೊಕ್ಕು ಕಣ್ಣು ಕೆಟ್ಟಿವೆ, ಎಲ್ಲರೂ ಕೂಡಿ ಪ್ರಾರ್ಥನೆ ಮಾಡುತ್ತಿದ್ದೇವೆ. ಹೀಗೆ ಐದು ದಿನ ನಡೆದ ಮೇಲೆ, ಏಪ್ರಿಲ್ 9ರಂದು ಐವರ ಶಕ್ತಿ ಮುಗಿಯಿತು. ಕೈಲಾಗುತ್ತಿದ್ದ ಮೂವರು, ಅಂದರೆ ಶೆಲ್ಲಿ, ರಿಪ್ಸ್‌ಲಿಂಗರ್ ಮತ್ತು ಮೂರ್, ಸಹಾಯ ತರುತ್ತೇವೆಂದು ಮುಂದೆ ನಡೆದರು. ಐವರು ಕಾದರು. ಡೈರಿಯ ಕೊನೆಯ ದಿನ ಏಪ್ರಿಲ್ 12. ಇನ್ನೂ ಯಾರೂ ಬಂದಿಲ್ಲ, ರಾತ್ರಿ ಬಹಳ ಚಳಿ ಎಂದಷ್ಟೇ ಅಂದಿನ ಬರಹ. ದೂರಿಲ್ಲ, ಯಾರ ಮೇಲೂ ತಪ್ಪು ಹೊರಿಸಿಲ್ಲ.

ಅವರನ್ನು ಹುಡುಕಿದ್ದು ಸಮುದ್ರದಲ್ಲಿ. ಅಲ್ಲಿ ಮುಳುಗಿರಬೇಕೆಂದೇ ಎಲ್ಲರೂ ತಿಳಿದಿದ್ದರು. ಯುದ್ಧ ಮುಗಿಯಿತು, ವರ್ಷಗಳು ಉರುಳಿದವು.

1958ರಲ್ಲಿ ಬ್ರಿಟಿಷ್ ಎಣ್ಣೆ ಶೋಧಕರು ಮರುಭೂಮಿಯ ಮೇಲೆ ಹಾರುತ್ತಿದ್ದಾಗ ಕೆಳಗೆ ಒಂದು ವಿಮಾನ ಕಂಡರು. ಅದಿದ್ದ ಜಾಗ ಸೊಲೂಕ್‌ನಿಂದ ಸುಮಾರು 710 ಕಿಲೋಮೀಟರ್ ಒಳಗೆ. ಬೆಂಗಳೂರಿನಿಂದ ಬೀದರ್‌ಗೆ ಹೋಗುವಷ್ಟು ದೂರ ಅನ್ನಿ. ಮರುವರ್ಷ ಜನ ಅಲ್ಲಿಗೆ ತಲುಪಿದಾಗ ರೇಡಿಯೊ ಇನ್ನೂ ಕೆಲಸ ಮಾಡುತ್ತಿತ್ತು. ಫ್ಲಾಸ್ಕಿನಲ್ಲಿದ್ದ ಚಹಾ ಕುಡಿಯುವ ಹಾಗಿತ್ತು. ಆದರೆ ಮನುಷ್ಯರ ಸುಳಿವಿಲ್ಲ. ಬೂಟು, ಬಟ್ಟೆ, ಕಲ್ಲಿನ ಬಾಣಗಳು ಒಂದೊಂದಾಗಿ ಸಿಕ್ಕವು. 1960ರ ಫೆಬ್ರುವರಿಯಲ್ಲಿ ಐವರ ಅವಶೇಷ ಒಂದೇ ಕಡೆ ದೊರೆಯಿತು, ಟೋನರನ ಡೈರಿಯೂ ಸಿಕ್ಕಿತು. ಅವರು ಮರಳಿನಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ನಡೆದಿದ್ದರು. ಮೇ ತಿಂಗಳಲ್ಲಿ ಇನ್ನೂ ಉತ್ತರಕ್ಕೆ ಶೆಲ್ಲಿ ಮತ್ತು ರಿಪ್ಸ್‌ಲಿಂಗರ್ ಸಿಕ್ಕರು. ಗೆಳೆಯರಿಗಾಗಿ ಸಹಾಯ ತರಲು ಹೊರಟವರು ಮತ್ತೆ ಮೂವತ್ತು ಕಿಲೋಮೀಟರಿಗೂ ಆಚೆ ಹೋಗಿದ್ದರು. ಆಗಸ್ಟ್‌ನಲ್ಲಿ ವೊರಾವ್ಕಾ ಸಿಕ್ಕ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ತಾಳೆಯಾಗದ ಬಾಬ್ತುಗಳನ್ನು ನಾವು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಿದ್ದೆವು. ಹಳೆಯದಾಯಿತೆಂದು ಹೊಡೆದು ಹಾಕುವಂತಿಲ್ಲ. ಸರಿಯಾದ ಜಾಗ ಸಿಗುವವರೆಗೆ ಪ್ರತಿ ವರ್ಷ ಅದನ್ನು ಹೊಸ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಇಲ್ಲೂ ಲೆಕ್ಕ ಮಾಡಿ. ಹೋದವರು ಒಂಬತ್ತು, ಸಿಕ್ಕವರು ಎಂಟು. ಒಹಾಯೊ ರಾಜ್ಯದ ವರ್ನನ್ ಮೂರ್ ಇಂದಿಗೂ ಸಿಕ್ಕಿಲ್ಲ. ಸಹಾಯ ತರಲು ಹೊರಟವನ ಹೆಸರು ಇನ್ನೂ ತೆರೆದ ಖಾತೆಯಲ್ಲಿದೆ.

ಎಲ್ಲೋ ಲಿಬಿಯಾದ ಕಥೆ, ನಮಗೇನು ಎಂದು ಕೇಳುವ ಮೊಮ್ಮಕ್ಕಳಿಗೆ ಒಂದು ಮಾತು. ಯುದ್ಧ ಮುಗಿದ ಮೇಲೆ ಇದೇ ಜಾತಿಯ ಎಷ್ಟೋ ಲಿಬರೇಟರ್‌ಗಳು ಕಾನ್ಪುರದಲ್ಲಿ ಬಿದ್ದಿದ್ದವು. ಅವುಗಳನ್ನು ರಿಪೇರಿ ಮಾಡಿ ಮತ್ತೆ ಹಾರಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು. ನಮ್ಮ ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅವುಗಳಲ್ಲಿ ಒಂದು ಲಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮಲ್ಲಿ ಕೆಲವರ ಮುತ್ತಜ್ಜ ಅಂಥ ವಿಮಾನಕ್ಕೆ ಸ್ಪ್ಯಾನರ್ ಹಿಡಿದಿದ್ದರೂ ಇರಬಹುದು.

‘ಲೇಡಿ ಬಿ ಗುಡ್’ನ ಒಂದು ಪ್ರೊಪೆಲ್ಲರ್ ಅಮೆರಿಕದ ಲೇಕ್ ಲಿಂಡನ್ ಎಂಬ ಸಣ್ಣ ಊರಿನಲ್ಲಿದೆ. ಅದು ರೇಡಿಯೊ ನೋಡಿಕೊಳ್ಳುತ್ತಿದ್ದ ಲಮಾಟನ ಊರು. ಊರಿನವರಿಗೆ ಅದು ಬರೀ ಕಬ್ಬಿಣವಲ್ಲ.

ಅಜ್ಜ ಅಜ್ಜಿಯರೇ, ನಿಮ್ಮ ಟ್ರಂಕಿನಲ್ಲೂ ಸಾಲಾಗಿ ನಿಂತವರ ಹಳೆಯ ಫೋಟೋಗಳು ಇರುತ್ತವೆ. ಶಾಲೆಯದೋ, ಮದುವೆಯದೋ, ಕಚೇರಿಯದೋ. ಈ ಭಾನುವಾರ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಸಿ. ಪೆನ್ಸಿಲ್ ಆದರೆ ಒಳ್ಳೆಯದು, ಶಾಯಿ ಫೋಟೋಗೆ ಇಳಿಯುತ್ತದೆ. ಒಬ್ಬರ ಹೆಸರು ನೆನಪಾಗದಿದ್ದರೆ ಅಲ್ಲಿ ಜಾಗ ಬಿಡಿ. ಬಂಧುಗಳನ್ನು ಕೇಳಿ ಆಮೇಲೆ ತುಂಬಿಸಬಹುದು.