ಅಂಗಳದ ಫರಶಿಗೆ ಆ್ಯಸಿಡ್ ಬೇಡ

ಸದಾಶಿವ ಪೇಠೆಯ ನಮ್ಮ ವಾಡೆಯ ಅಂಗಳದಲ್ಲಿ ಹಾಸಿರುವುದು ಶಹಾಬಾದಿ ಫರಶಿ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದದ ಹೆಸರು ಹೊತ್ತ ಕಲ್ಲು. ಪುಣೆಯಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಮಳೆಗಾಲ ಬಿಟ್ಟುಹೋದ ಪಾಚಿಯ ಮೇಲೆ ಚಳಿಗಾಲದ ಇಬ್ಬನಿ ಕೂತರೆ, ಬೆಳಗ್ಗೆ ತುಳಸಿಗೆ ನೀರೆರೆಯಲು ಹೊರಟ ಅಜ್ಜಿಯ ಸೊಂಟಕ್ಕೇ ಅಪಾಯ. ಅದಕ್ಕೇ ನಾನು ದೀಪಾವಳಿಗೆ ಮುಂಚೆಯೇ ಬ್ರಷ್ ಹಿಡಿಯುತ್ತೇನೆ.

ಪಕ್ಕದ ಮನೆಯ ಕಾಕೂ ಪ್ರತಿ ವರ್ಷ ‘ಆ್ಯಸಿಡ್ ಸುರಿಯಿರಿ, ಐದು ನಿಮಿಷದ ಕೆಲಸ’ ಎನ್ನುತ್ತಾರೆ. ಬೇಡ. ಇದು ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದರೆ ನೊರೆಯೆದ್ದು ಮೇಲ್ಮೈ ಸವೆಯುತ್ತದೆ. ಆ ಒರಟಿನಲ್ಲೇ ಮುಂದಿನ ಪಾಚಿ ಮನೆಮಾಡುತ್ತದೆ. ಸಾಬೂನು ಪುಡಿ, ನೀರು, ಗಟ್ಟಿ ಬ್ರಷ್ ಸಾಕು. ಬಾಯಿಬಿಟ್ಟ ಸಂದುಗಳಿಗೆ ಸಿಮೆಂಟು-ಮರಳು ತುಂಬಿಸಿ. ಪುರುಸೊತ್ತಿಲ್ಲವೇ? ಬಾಗಿಲಿನಿಂದ ತುಳಸಿಕಟ್ಟೆಯವರೆಗಾದರೂ ಉಜ್ಜಿಬಿಡಿ.