ಮಲ್ಲಯ್ಯನ ಹಾದಿಗೆ ಬೇಕಾದದ್ದು ನೆರಳು, ನೀರು

ಯುಗಾದಿಗೆ ಇನ್ನೂ ದಿನಗಳಿರುವಾಗಲೇ ರಾಯಚೂರು ಜಿಲ್ಲೆಯ ರಸ್ತೆಗಳ ಅಂಚಿನಲ್ಲಿ ನಡೆಯುವವರ ಸಾಲು ಕಾಣಿಸಿಕೊಳ್ಳುತ್ತದೆ. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಹೊರಟ ಕೆಲವರು ಕೃಷ್ಣೆಯನ್ನು ದಾಟಿ ದೇವದುರ್ಗದ ಮೇಲೆ ಬರುತ್ತಾರೆ. ಕೊಪ್ಪಳ, ಗಂಗಾವತಿಯ ಕಡೆಯವರು ಸಿಂಧನೂರು, ಮಾನ್ವಿಯ ಮೇಲೆ ಹಾಯುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಬಗಲಿನಲ್ಲಿ ಬುತ್ತಿಯ ಗಂಟು. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ಅವರಲ್ಲಿ ಇರುತ್ತಾರೆ. ಎಲ್ಲರ ಮುಖವೂ ಪೂರ್ವಕ್ಕೆ, ನಲ್ಲಮಲ ಕಾಡಿನೊಳಗಿರುವ ಶ್ರೀಶೈಲಕ್ಕೆ. ಅಲ್ಲಿಯ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು ಎಂಬ ನಂಬಿಕೆಯಿಂದ ಯುಗಾದಿಗೆ ಆಕೆಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮ ಒಯ್ಯುವ ಜನ ಇವರು.

ರಾಯಚೂರಿನಿಂದಲೇ ಲೆಕ್ಕ ಹಾಕಿದರೂ ಶ್ರೀಶೈಲ ಇನ್ನೂರು ಕಿಲೋಮೀಟರಿಗೂ ಮಿಗಿಲು ದೂರ. ನಡುವೆ ಇರುವುದು ಮರುಭೂಮಿಯಲ್ಲ. ಆದರೆ ಮಾರ್ಚ್ ಕೊನೆಯಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುವ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಕರಿನೆಲ ಬಿರುಕುಬಿಟ್ಟು ಬಾಯಿ ತೆರೆದಿರುವ ಬಯಲು ಅದು. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ಭೂಭಾಗವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಎರಡು ಹೊಳೆಗಳ ನಡುವಿದ್ದೂ ನೀರಿಗೆ ಹಂಬಲಿಸುವ ನಾಡು. ಇಂಥ ನೆಲವನ್ನು ದಾಟಿ, ಅನಂತರ ಹುಲಿಗಳಿರುವ ಕಾಡನ್ನೂ ದಾಟಿ, ಸ್ವಂತ ವಾಹನವಿಲ್ಲದ ಲಕ್ಷಾಂತರ ಜನ ಜಾತ್ರೆ ಸೇರುತ್ತಾರೆಂದರೆ ಅದು ಭಕ್ತಿಯೊಂದರಿಂದ ಆಗುವ ಕೆಲಸವಲ್ಲ. ಅದರ ಹಿಂದೆ ಒಂದು ವ್ಯವಸ್ಥೆ ಇದೆ. ಯಾವ ಯೋಜನಾ ಆಯೋಗವೂ ಬರೆಯದ, ಯಾವ ಇಲಾಖೆಯ ಲೆಕ್ಕಪತ್ರದಲ್ಲೂ ಸೇರದ ವ್ಯವಸ್ಥೆ. ಅದರ ವಿವರಗಳನ್ನು ಮಲೆನಾಡಿನವರು ತಿಳಿಯಬೇಕಾದುದು ಅಗತ್ಯ, ಕಾರಣ ಮುಂದೆ ಬರುತ್ತದೆ.

ಮೊದಲನೆಯದು ಕಾಲ. ಈ ಭಾಗದ ಕರಿನೆಲದಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿತ್ತುತ್ತಾರೆ. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ತೇವವನ್ನೇ ಕುಡಿದು ಬೆಳೆಯುವ ಪೈರು ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಹತ್ತಿಯ ಕೊನೆಯ ಬಿಡಿಸುವಿಕೆಯೂ ಮುಗಿದಿರುತ್ತದೆ. ಹೀಗೆ ಯುಗಾದಿ ಬರುವುದು ರೈತನ ಕೈ ಬಿಡುವಾಗಿರುವ, ಮನೆಯಲ್ಲಿ ಹೊಸ ಜೋಳವಿರುವ ಕಾಲದಲ್ಲಿ. ಹತ್ತು ಹನ್ನೆರಡು ದಿನ ಊರು ಬಿಟ್ಟು ನಡೆಯಲು ಒಣಬೇಸಾಯದ ರೈತನಿಗೆ ಇದಕ್ಕಿಂತ ಯೋಗ್ಯ ಕಾಲ ವರ್ಷದಲ್ಲಿ ಮತ್ತೊಂದಿಲ್ಲ. ಎರಡನೆಯ ಬೆಳೆ ಭತ್ತ ಹಾಕಿದ ಕಾಲುವೆ ಪ್ರದೇಶದವನಿಗೆ ಈ ಸ್ವಾತಂತ್ರ್ಯವಿಲ್ಲ ಎಂಬುದನ್ನೂ ಗಮನಿಸಬೇಕು.

ಎರಡನೆಯದು ಬುತ್ತಿ. ಖಡಕ್ ರೊಟ್ಟಿಯನ್ನು ಉತ್ತರ ಕರ್ನಾಟಕದ ರುಚಿ ಎಂದಷ್ಟೇ ನೋಡುವವರಿಗೆ ಅದರ ವಿಜ್ಞಾನ ಹೊಳೆಯುವುದಿಲ್ಲ. ತೆಳುವಾಗಿ ಬಡಿದು, ಸುಟ್ಟು, ಒಣಗಿಸಿದ ರೊಟ್ಟಿಯಲ್ಲಿ ಬೂಷ್ಟು ಬೆಳೆಯುವಷ್ಟು ತೇವಾಂಶವೇ ಇರುವುದಿಲ್ಲ. ಆದ್ದರಿಂದ ಅದು ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ ಚಟ್ನಿಪುಡಿ ಇದ್ದರೆ ಕೊಬ್ಬು, ಪ್ರೋಟೀನು, ಉಪ್ಪು ಮೂರೂ ದೊರೆಯುತ್ತವೆ. ಬೆವರಿನಲ್ಲಿ ಕಳೆದ ಉಪ್ಪು, ನೀರುಗಳನ್ನು ದಾರಿಯಲ್ಲಿ ಸಿಗುವ ಮಜ್ಜಿಗೆ, ಅಂಬಲಿಗಳು ಮರಳಿ ತುಂಬುತ್ತವೆ. ಒಂದು ಬಟ್ಟೆಯ ಗಂಟಿನಲ್ಲಿ ಹಿಡಿಯುವ ಈ ಆಹಾರ ದಾರಿಯ ಮೇಲೆ ಯಾವ ಕಸವನ್ನೂ ಉಳಿಸುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ದಾರಿಬದಿಯ ಊರುಗಳು. ಮಾನ್ವಿಯಿಂದ ರಾಯಚೂರಿಗೆ ಸುಮಾರು 45 ಕಿಲೋಮೀಟರ್. ದೇವದುರ್ಗದಿಂದ ಗಬ್ಬೂರಿನ ಮೇಲೆ ಬಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಮೂವತ್ತು, ನಲವತ್ತು ಕಿಲೋಮೀಟರ್ ನಡೆಯುವವರಿಗೆ ಇದು ಒಂದೂವರೆ ದಿನದ ದಾರಿ. ಈ ಒಂದೂವರೆ ದಿನದಲ್ಲಿ ಅವರು ಹಸಿದು ಮಲಗುವ ಪ್ರಸಂಗ ಬಹುಮಟ್ಟಿಗೆ ಬರುವುದಿಲ್ಲ. ದಾರಿಯ ಹಳ್ಳಿಗಳವರು ಚಪ್ಪರ ಹಾಕಿ ಅನ್ನ, ಸಾರು, ರೊಟ್ಟಿ, ಮಜ್ಜಿಗೆ ನೀಡುತ್ತಾರೆ. ಕಾಲಿಗೆ ಹಚ್ಚಲು ಎಣ್ಣೆ, ಬೊಬ್ಬೆಗೆ ಮದ್ದು ಕೊಡುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹ ಎಂದ ಮಾತು ಇಲ್ಲಿ ಗ್ರಂಥದಲ್ಲಿ ಉಳಿದಿಲ್ಲ, ಒಲೆಯ ಮೇಲಿದೆ. ಅದನ್ನು ನಡೆಸುವವರು ಶ್ರೀಮಂತರಲ್ಲ ಎಂಬುದೂ ನೆನಪಿನಲ್ಲಿರಬೇಕು. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದೆ ಪ್ರತಿವರ್ಷ ಎಂಬಂತೆ ಬೀದಿಗಿಳಿಯುವ ಮಾನ್ವಿ ತಾಲ್ಲೂಕಿನ ರೈತರೂ ಅವರಲ್ಲಿದ್ದಾರೆ.

ಈ ನೀರು ಕೊಡುವ ಕೆಲಸ ಸಣ್ಣದಲ್ಲ. ರಾಯಚೂರು ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು. ಸ್ವಂತ ನಾಗರಿಕರಿಗೆ ಶುದ್ಧ ನೀರು ಕೊಡಲಾಗದ ಆಡಳಿತ ದಾರಿಹೋಕರಿಗೆ ಕೊಟ್ಟೀತೆಂದು ಕಾಯುವುದು ವ್ಯರ್ಥವೆಂದು ಜನ ಅರಿತಿದ್ದಾರೆ. ಅದಕ್ಕಾಗಿಯೇ ಅವರು ತಾವೇ ಹರವಿಗಳನ್ನು ಇಡುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ಹರವಿಯ ಜಾಗಕ್ಕೆ ಪ್ಲಾಸ್ಟಿಕ್ ಬಾಟಲಿಯೂ ಪೊಟ್ಟಣವೂ ಬಂದಿವೆ. ಕೊಡುವವರ ಉದ್ದೇಶ ಒಳ್ಳೆಯದೇ. ಆದರೂ ಕುಡಿದು ಎಸೆದ ಪೊಟ್ಟಣ ಮುಂದಿನ ಮುಂಗಾರಿನಲ್ಲಿ ಯಾರದೋ ಹೊಲದ ಬದುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಯಾರದೋ ಎತ್ತಿನ ಹೊಟ್ಟೆ ಸೇರುತ್ತದೆ.

ನಾಲ್ಕನೆಯದು ನೆರಳು. ಅಶೋಕನ ಹೆಸರನ್ನೇ ಹೇಳುವ, 1915ರಲ್ಲಿ ಬೆಳಕಿಗೆ ಬಂದ ಶಾಸನವಿರುವ ಮಸ್ಕಿ ಇದೇ ಜಿಲ್ಲೆಯ ಊರು. ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಅದೇ ಅರಸ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಮೇಲೆ ಬರೆಯಿಸಿದ. ಶಾಲಾ ಪಠ್ಯದಲ್ಲಿ ಮಕ್ಕಳು ಕಂಠಪಾಠ ಮಾಡುವ ಈ ಸಂಗತಿಯನ್ನು ಹೆದ್ದಾರಿ ಕಟ್ಟುವವರು ಓದಿದಂತಿಲ್ಲ. ರಸ್ತೆ ಅಗಲವಾಗುವಾಗ ಮೊದಲು ಉರುಳುವುದು ಅಂಚಿನ ಬೇವು, ಹುಣಿಸೆಗಳೇ. ಬದಲಿಗೆ ಹೂವಿನ ಅಂದಕ್ಕೆಂದು ಗುಲ್‌ಮೊಹರ್ ನೆಟ್ಟರೆ ಅದು ಬೇಸಗೆಯ ಮೊದಲ ಭಾಗದಲ್ಲಿ ಎಲೆಯುದುರಿಸಿ ಬೋಳಾಗಿ ನಿಲ್ಲುತ್ತದೆ. ನಡೆಯುವವನಿಗೆ ಅದರಿಂದ ಪ್ರಯೋಜನವಿಲ್ಲ. ಬೇವು ಹಾಗಲ್ಲ. ಯುಗಾದಿಯ ಹೊತ್ತಿಗೆ ಸರಿಯಾಗಿ ಅದು ಹೊಸ ಚಿಗುರು, ಹೂವು ತಳೆಯುತ್ತದೆ. ಹಬ್ಬದ ಬಟ್ಟಲಿಗೆ ಬೇವು ಬಂದದ್ದೂ ಹಾಗೆಯೇ. ಹೊಂಗೆಯೂ ಎಲೆಯುದುರಿಸಿದ ಬೆನ್ನಿಗೇ ಚಿಗುರುತ್ತದೆ. ಯಾವ ತಿಂಗಳಲ್ಲಿ ಯಾರಿಗೆ ನೆರಳು ಬೇಕೆಂಬ ಪ್ರಶ್ನೆ ಕೇಳದೆ ಸಸಿ ನೆಡುವುದು ಗುತ್ತಿಗೆಯ ಕೆಲಸವಾದೀತೇ ಹೊರತು ಅರಣ್ಯೀಕರಣವಾಗದು.

ನಡೆಯಲಾರದವರ ಮಾತೇನು? ವೃದ್ಧರು, ಮಕ್ಕಳೊಂದಿಗರು, ಹಿಂದಿರುಗುವ ಪಾದಯಾತ್ರಿಗಳು ಆಶ್ರಯಿಸುವುದು ಬಸ್ಸನ್ನು. ಯುಗಾದಿಗೆ ಸಾರಿಗೆ ನಿಗಮಗಳು ಶ್ರೀಶೈಲಕ್ಕೆ ಹೆಚ್ಚುವರಿ ಬಸ್ಸು ಓಡಿಸುತ್ತವೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಿಂದ ಮಹಿಳೆಯರು ದೇವದುರ್ಗ, ಮಾನ್ವಿಗಳಿಂದ ರಾಯಚೂರಿನವರೆಗೆ ಹಣ ಕೊಡದೆ ಬರಬಲ್ಲರು. ಶ್ರೀಶೈಲದ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸದು. ರೈಲಿನ ಕಥೆ ಇನ್ನೂ ವಿಚಿತ್ರ. ಮುಂಬೈ ಮತ್ತು ಮದ್ರಾಸುಗಳ ರೈಲುಮಾರ್ಗಗಳು 1871ರಲ್ಲಿ ಪರಸ್ಪರ ಕೂಡಿಕೊಂಡದ್ದು ರಾಯಚೂರಿನಲ್ಲಿ. ಆದರೆ ದೇವದುರ್ಗಕ್ಕೆ ರೈಲು ಬರಲಿಲ್ಲ. ಮಾನ್ವಿಯನ್ನು ಹಾದುಹೋಗಬೇಕಾದ ಗಿಣಿಗೇರಾ–ಮಹಬೂಬ್‌ನಗರ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ಸಿಂಧನೂರು ಮುಟ್ಟಿದ್ದು 2024ರಲ್ಲಿ. ಒಂದು ಹೆದ್ದಾರಿಯನ್ನು ನಾಲ್ಕು ಪಥ ಮಾಡಲು ತೋರುವ ಅವಸರದ ಅರ್ಧದಷ್ಟನ್ನಾದರೂ ಈ ಹಳಿಗೆ ತೋರಿದ್ದರೆ!

ಕೊನೆಯ ಹಂತ ನಲ್ಲಮಲ. ತುಂಗಭದ್ರೆ ದಾಟಿ ಕರ್ನೂಲು, ಆತ್ಮಕೂರುಗಳ ಮೇಲೆ ಬಂದವರು ವೆಂಕಟಾಪುರದಿಂದ ಕಾಡು ಹೊಕ್ಕು ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸದ್ವಾರಗಳ ಮೂಲಕ ಬೆಟ್ಟ ಏರುತ್ತಾರೆ. ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಚೆಂಚು ಜನರ ನೆಲೆ. ಎಲೆಯುದುರಿಸುವ ಈ ಕಾಡು ಮಾರ್ಚಿನಲ್ಲಿ ಒಣಗಿ ಕಿಡಿಗೆ ಕಾದಿರುತ್ತದೆ. ಅರಣ್ಯ ಇಲಾಖೆ ಶಿವರಾತ್ರಿ, ಯುಗಾದಿಗಳ ಕಾಲಕ್ಕೆ ಈ ಕಾಲುದಾರಿಯಲ್ಲಿ ಯಾತ್ರಿಕರನ್ನು ಬಿಡುತ್ತದೆ. ಬೆಟ್ಟದ ವಾಹನ ರಸ್ತೆಯನ್ನು ರಾತ್ರಿ ಮುಚ್ಚುತ್ತದೆ. ಸಾವಿರಾರು ಪಾದಗಳು ಕಾಡಿಗೆ ಹೊರೆಯೇ ಅಲ್ಲವೆಂದು ವಾದಿಸುವುದು ಪ್ರಾಮಾಣಿಕವಾಗದು. ಕಸವೂ ಬೆಂಕಿಯ ಭಯವೂ ಇದ್ದೇ ಇವೆ. ಆದರೆ ಪಾದದ ಹೊರೆ ವರ್ಷದ ಕೆಲವು ದಿನಗಳದು, ನಿಯಂತ್ರಿಸಬಹುದಾದುದು. ಅಗಲವಾದ ರಸ್ತೆಯ ಹೊರೆ ವರ್ಷದ 365 ದಿನಗಳದು.

ಮಲೆನಾಡಿಗೆ ಇದು ದೂರದ ಸುದ್ದಿಯಲ್ಲ. ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯ ಉಡುತಡಿ ಮಲೆನಾಡಿನ ಅಂಚಿನ ಊರು. ಇಂದಿಗೂ ಪ್ರತಿ ಶಿವರಾತ್ರಿಗೆ ಧರ್ಮಸ್ಥಳದ ಪಾದಯಾತ್ರಿಗಳು ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ಹಾದು ಚಾರ್ಮಾಡಿ ಘಾಟಿ ಇಳಿಯುತ್ತಾರೆ. ನರಕ ಚತುರ್ದಶಿಯಂದು ಚಿಕ್ಕಮಗಳೂರಿನ ದೇವಿರಮ್ಮನ ಬೆಟ್ಟವನ್ನು ಸಾವಿರಾರು ಜನ ಕಾಲ್ನಡಿಗೆಯಲ್ಲಿಯೇ ಏರುತ್ತಾರೆ. ಆದರೂ ಪ್ರತಿ ಜಾತ್ರೆಯ ಮರುದಿನ ಏಳುವ ಬೇಡಿಕೆ ಒಂದೇ: ಮೇಲಿನವರೆಗೆ ವಾಹನ ಹೋಗುವಂತಾಗಲಿ, ಘಾಟಿ ಅಗಲವಾಗಲಿ. ಚಾರ್ಮಾಡಿ 2019ರ ಆಗಸ್ಟ್ ಮಳೆಯಲ್ಲಿ ಹಲವೆಡೆ ಕುಸಿದು ಮುಚ್ಚಿತು. ಹೆದ್ದಾರಿಗಾಗಿ ಬುಡ ಕಡಿದ ಶಿರೂರಿನ ಗುಡ್ಡ 2024ರ ಜುಲೈ 16ರಂದು ಜನರ ಮೇಲೆಯೇ ಜಾರಿತು. ಇಷ್ಟಾದರೂ ಅಗಲೀಕರಣವೇ ಭಕ್ತರ ಸೇವೆ ಎನ್ನುವ ಜನಪ್ರತಿನಿಧಿಗಳು ಗಬ್ಬೂರಿನ ದಾರಿಯಲ್ಲಿ ಒಂದು ದಿನ ನಡೆದು ನೋಡಬೇಕು. ನಡೆಯುವವನು ಕೇಳುವುದು ಡಾಂಬರನ್ನಲ್ಲ. ಕುಡಿಯಲು ನೀರು, ಕೂರಲು ನೆರಳು, ಮಲಗಲು ಒಂದು ಜಗುಲಿ, ಹೆಂಗಸರಿಗೆ ಬಾಗಿಲಿರುವ ಶೌಚಾಲಯ, ರಾತ್ರಿ ಲಾರಿಗಳಿಂದ ಬೇರ್ಪಟ್ಟ ಮೂರಡಿ ಕಾಲುದಾರಿ.

ಘಾಟಿಯ ಮೇಲಿನ, ಕೆಳಗಿನ ಗ್ರಾಮ ಪಂಚಾಯಿತಿಗಳು ಇದನ್ನು ಮಾಡಲು ದೊಡ್ಡ ಅನುದಾನ ಬೇಕಿಲ್ಲ. ಶಾಲೆಯ ಜಗುಲಿ ಇದೆ, ಊರಿನ ಬಾವಿ ಇದೆ, ತೊಳೆದು ಮತ್ತೆ ಬಳಸುವ ಲೋಟಗಳಿವೆ. ಮರಗಳ ವಿಷಯದಲ್ಲಿ ಮಾತ್ರ ಬಯಲುಸೀಮೆಯ ನಕಲು ಕೂಡದು. ಭಾರಿ ಮಳೆಯ ಮಲೆನಾಡಿನಲ್ಲಿ ಬೇವು ಸೊರಗುತ್ತದೆ; ಇಲ್ಲಿಯ ಸಾಲುಮರ ಧೂಪ, ಹಲಸು, ನೇರಳೆ. ಧೂಪ, ಹಲಸುಗಳ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯದು. ಬಿದ್ದ ಕೆಲವೇ ದಿನಗಳಲ್ಲಿ, ಮುಂಗಾರಿನ ಮೊದಲ ಮಳೆಗೇ ಆಯ್ದು ಊರಬೇಕು. ಶಾಲೆಗಳು ತೆರೆಯುವುದೂ ಅದೇ ಹೊತ್ತಿಗೆ.