ಕಡಲಿಗೆ ಅಡ್ಡಲಾಗಿ ಕಟ್ಟಿದ ಗೋಡೆ

ಮನೆಯ ಬಾವಿಯ ನೀರು ಉಪ್ಪಾಯಿತೆಂದರೆ ಮನೆಯವರು ಮಾಡತಕ್ಕದ್ದೇನು? ಕರಾವಳಿಯ ವಾಚಕರಿಗೆ ಈ ಪ್ರಶ್ನೆಯು ಹೊಸದಲ್ಲ. ಆದರೆ ಇದು ಸಾವಿರಾರು ವರ್ಷಗಳಷ್ಟು ಹಳೆಯದು. ಬರಹವನ್ನೂ ಲೋಹವನ್ನೂ ಅರಿಯದಿದ್ದ ಗೃಹಸ್ಥರು ಇದಕ್ಕೆ ಕೊಟ್ಟ ಉತ್ತರವನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ವಿಶಾಲ ಭಾಗಗಳು ದಪ್ಪವಾದ ಹಿಮದ ಹೊದಿಕೆಯ ಕೆಳಗಿದ್ದುವು. ಅಷ್ಟು ನೀರು ಹಿಮವಾಗಿ ನೆಲದ ಮೇಲೆ ನಿಂತುದರಿಂದ ಕಡಲಿನ ಮಟ್ಟವು ಇಂದಿಗಿಂತ ಸುಮಾರು 400 ಅಡಿ ಕೆಳಗಿದ್ದಿತು. ಮುಂದೆ ಹಿಮವು ಕರಗಿದಂತೆಲ್ಲ ಕಡಲು ಏರಿತು. ತೀರದ ಊರುಗಳು ಒಂದೊಂದಾಗಿ ಮುಳುಗಿದುವು. ಅಂತಹ ಕೆಲವು ಊರುಗಳು ಇಸ್ರೇಲ್ ದೇಶದ ಕಾರ್ಮೆಲ್ ಬೆಟ್ಟದ ಬಳಿ, ಮೆಡಿಟರೇನಿಯನ್ ಸಮುದ್ರದ ತಳದ ಮರಳಿನಲ್ಲಿ ಇಂದಿಗೂ ಉಳಿದಿವೆ. ಬಿರುಗಾಳಿಯ ಅಲೆಗಳು ಮರಳನ್ನು ಸರಿಸಿದಾಗ ಅವು ಕಣ್ಣಿಗೆ ಬೀಳುವುವು.

ಅವುಗಳಲ್ಲಿ ಅಟ್ಲಿಟ್-ಯಾಮ್ ಎಂಬ ಊರು 1984ರಲ್ಲಿ ಪತ್ತೆಯಾಯಿತು. ಸುಮಾರು 9,000 ವರ್ಷಗಳ ಹಿಂದೆ ಇಲ್ಲಿ ಬಾಳಿದವರು ಧಾನ್ಯ ಬೆಳೆಯುತ್ತಿದ್ದರು, ದನ ಆಡುಗಳನ್ನು ಸಾಕುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಅವರು ತೋಡಿದ ಬಾವಿಯೊಂದು ಈಗಲೂ ಇದೆ: ಆಳ 18 ಅಡಿ, ಒಳಗೆ ಕಲ್ಲಿನ ಕಟ್ಟಡ. ಕಡಲು ಸಮೀಪಿಸಿದಂತೆ ಉಪ್ಪುನೀರು ನೆಲದೊಳಗಿನಿಂದ ನುಸುಳಿ ಈ ಬಾವಿಯನ್ನು ಕೆಡಿಸಿತೆಂದು ಸಂಶೋಧಕರು ಊಹಿಸುತ್ತಾರೆ. ಬಾವಿಯನ್ನು ತುಂಬಿದ್ದ ಮಣ್ಣಿನಲ್ಲಿ ಪ್ರಾಣಿಗಳ ಎಲುಬುಗಳೂ ಕಲ್ಲಿನ ಉಪಕರಣಗಳೂ ದೊರೆತಿವೆ. ಊರಿಗೆಲ್ಲ ನೀರುಣಿಸಿದ ಬಾವಿಯು ಕಡೆಗೆ ಕಸ ಹಾಕುವ ಗುಂಡಿಯಾಯಿತು. ಅಲೆಯು ಹೊಸ್ತಿಲಿಗೆ ಬರುವುದಕ್ಕೆ ಬಹಳ ಮೊದಲೇ ಉಪ್ಪು ಬಾವಿಗೆ ಬಂದಿತ್ತು. ಜನರು ಊರನ್ನು ಬಿಟ್ಟುಹೋದರು.

ಇದೇ ತೀರದಲ್ಲಿ, ಕೆಲವು ಮೈಲಿ ಉತ್ತರಕ್ಕೆ, ಸುಮಾರು 7,000 ವರ್ಷಗಳ ಹಿಂದೆ ಇನ್ನೊಂದು ಊರಿದ್ದಿತು. ಅದನ್ನು ಈಗ ಟೆಲ್ ಹ್ರೇಜ್ ಎಂದು ಕರೆಯುವರು. ಇಲ್ಲಿನವರು ಕಡಲನ್ನು ಎದುರಿಸಿ ನಿಂತರು. ಊರಿಗೂ ಸಮುದ್ರಕ್ಕೂ ನಡುವೆ 300 ಅಡಿಗೂ ಮೀರಿ ಉದ್ದವಾದ ಬಂಡೆಗಳ ಸಾಲೊಂದನ್ನು ಅವರು ನಿಲ್ಲಿಸಿದರು. 2019ರಲ್ಲಿ ಇದರ ವಿವರವನ್ನು ಪ್ರಕಟಿಸಿದ ಸಂಶೋಧಕರು, ಕಡಲನ್ನು ತಡೆಯಲು ಕಟ್ಟಿದ ಗೋಡೆಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಪುರಾತನವಾದುದು ಇದೇ ಎಂದರು. ಅಂತಹ ಬಂಡೆಗಳು ಆ ಸ್ಥಳದಲ್ಲಿ ದೊರೆಯುವಂತಹವಲ್ಲ. ದೂರದ ಹೊಳೆಗಳ ಪಾತ್ರದಿಂದ ತಂದವು. ಕೆಲವು ಬಂಡೆಗಳ ತೂಕವು ಒಂದು ಟನ್ನಿನಷ್ಟು. ಇಂತಹ ಕಲ್ಲನ್ನು ಒಂದು ಮನೆಯವರು ಕದಲಿಸಲಾರರು. ಊರಿನವರೆಲ್ಲ ಕಲೆತು ಆಲೋಚಿಸಿ, ಬೇಸಾಯದ ನಡುವೆ ಬಿಡುವು ಮಾಡಿಕೊಂಡು ದುಡಿದಿರಬೇಕೆಂಬುದರಲ್ಲಿ ಸಂದೇಹವಿಲ್ಲ.

ಆಗ ಕಡಲು ಏರುತ್ತಿದ್ದುದು ವರ್ಷಕ್ಕೆ 4ರಿಂದ 7 ಮಿಲಿಮೀಟರಿನಷ್ಟೇ ಎಂದು ಲೆಕ್ಕ ಹಾಕಿದ್ದಾರೆ. ಇದು ಒಂದು ವರ್ಷದಲ್ಲಿ ಯಾರ ಕಣ್ಣಿಗೂ ಕಾಣದು. ಆದರೆ ನೂರು ವರ್ಷಗಳಲ್ಲಿ ಅದೇ ಎರಡು ಅಡಿಯಾಗಬಲ್ಲದು. ಅಜ್ಜನ ಕಾಲದಲ್ಲಿ ಅಪರೂಪವಾಗಿದ್ದ ಅಲೆಯು ಮೊಮ್ಮಗನ ಕಾಲಕ್ಕೆ ಪ್ರತಿ ಮಳೆಗಾಲದ ಅತಿಥಿಯಾಗುವುದು. ಗೋಡೆಯು ಕಡೆಗೆ ಸೋತಿತು. ಊರಿನವರು ತಮ್ಮ ದನಕರುಗಳೊಡನೆ ಒಳನಾಡಿಗೆ ಸರಿದಿರಬೇಕು. ಇಂದು ಆ ಗೋಡೆಯು ಸುಮಾರು 10 ಅಡಿ ನೀರಿನ ಕೆಳಗಿದೆ.

ಈ ಜನರನ್ನು ಅವಿವೇಕಿಗಳೆನ್ನಲು ನಮಗೆ ಮನಸ್ಸು ಬಾರದು. ತಡೆಯಲಾಗುವಷ್ಟು ಕಾಲ ಒಟ್ಟಾಗಿ ತಡೆದರು, ತಡೆಯಲಾಗದಾಗ ಹೊರಟರು. ತಮಗಿಂತ ಎಷ್ಟೋ ತಲೆಮಾರುಗಳ ಹಿಂದೆ ಅದೇ ತೀರದಲ್ಲಿ ಒಂದು ಬಾವಿ ಉಪ್ಪಾಗಿತ್ತೆಂಬುದನ್ನು ಅವರಿಗೆ ಹೇಳುವ ಬರಹವಿರಲಿಲ್ಲ. ನಮಗಾದರೋ ಆ ಬರಹವಿದೆ. ಇಂದಿನ ಸಮುದ್ರಗಳೂ ವರ್ಷಕ್ಕೆ ಸುಮಾರು 4 ಮಿಲಿಮೀಟರಿನಂತೆ ಏರುತ್ತಿವೆ. ಅಳೆದು ನೋಡುವ ಸಾಧನಗಳೂ ನಮ್ಮಲ್ಲಿವೆ. ಎಲ್ಲಿ ಗೋಡೆ ಕಟ್ಟಬೇಕು, ಎಲ್ಲಿಂದ ಹಿಂದೆ ಸರಿಯಬೇಕು ಎಂಬುದನ್ನು ಬಾವಿಯ ನೀರು ಸಿಹಿಯಾಗಿರುವಾಗಲೇ ಕುಳಿತು ಯೋಚಿಸುವುದು ಒಳ್ಳೆಯದು.